ಹುಬ್ಬಳ್ಳಿಯ ಚಳಿಗಾಲದ ಹಾಕಿ: ಗರಸಿನ ಮೇಲೆ ಗೆಲ್ಲುವವರು ಟರ್ಫ್ ಮೇಲೆ ಯಾಕೆ ಮುಗ್ಗರಿಸುತ್ತಾರೆ?

ಕೇಶ್ವಾಪುರದ ಲೆಫ್ಟ್‌ಔಟ್:

ಭಾನುವಾರದ ಪಂದ್ಯದಲ್ಲಿ ನಮ್ಮ ಹುಬ್ಬಳ್ಳಿಯ ಹುಡುಗರು ಬೆಳಗಾವಿಯಿಂದ ಬಂದಿದ್ದ ತಂಡವನ್ನು 3-2 ಗೋಲುಗಳಿಂದ ಸೋಲಿಸಿದ್ದು ನಿಮಗೆಲ್ಲ ಗೊತ್ತಾಗಿದೆ. ಮೊಬೈಲಿನಲ್ಲಿ ಹರಿದಾಡುತ್ತಿರುವ ತುಣುಕುಗಳಲ್ಲಿ ಐದೂ ಗೋಲುಗಳಿವೆ. ಆದ್ದರಿಂದ ಗೋಲುಗಳ ವರ್ಣನೆ ಬೇಡ. ನನಗೆ ಹೇಳಬೇಕಾಗಿರುವುದು ಬೇರೆ: ನಾವು ಗೆದ್ದದ್ದು ನಮ್ಮ ಮೈದಾನ ಕೆಟ್ಟದಾಗಿದೆ ಎಂಬ ಕಾರಣಕ್ಕೆ. ಇದೇ ಹುಡುಗರು ಬೆಂಗಳೂರಿನ ಆಯ್ಕೆ ಶಿಬಿರಕ್ಕೆ ಹೋಗಿ ಬರಿಗೈಯಲ್ಲಿ ಮರಳುವುದಕ್ಕೂ ಅದೇ ಮೈದಾನ ಕಾರಣ. ಗೆದ್ದ ಮರುದಿನವೇ ಇಂಥ ಮಾತು ಆಡಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಮೈದಾನ ನೋಡದವರಿಗಾಗಿ ಎರಡು ಮಾತು. ಕೆಳಗೆ ಎರೆಮಣ್ಣು, ಮೇಲೆ ಗರಸು, ಅಂದರೆ ಹರಳು ಬೆರೆತ ಮಣ್ಣು, ಹಾಸಿ ರೋಲರ್ ಎಳೆದಿದ್ದಾರೆ. ಮಳೆಗಾಲದಲ್ಲಿ ಅಲ್ಲಿ ನಡೆದರೆ ಒಂದೊಂದು ಬೂಟಿಗೂ ಸೇರುಗಟ್ಟಲೆ ಮಣ್ಣು ಹತ್ತುತ್ತದೆ. ಬೇಸಿಗೆಯಲ್ಲಿ ಕೆಳಗಿನ ಎರೆ ಬಿರಿದು, ಮೇಲಿನ ಗರಸು ಅಲ್ಲಲ್ಲಿ ಕುಸಿಯುತ್ತದೆ. ದೀಪಾವಳಿ ಮುಗಿದ ಮೇಲೆ ಶಿವರಾತ್ರಿಯವರೆಗೆ ಮಾತ್ರ ನೆಲ ಗಟ್ಟಿಯಾಗಿ ಸಮನಾಗಿ ಇರುತ್ತದೆ. ನಮ್ಮ ಕಡೆ ಹಾಕಿ ಚಳಿಗಾಲದ ಆಟವಾದದ್ದು ಹೀಗೆ. ಸಮ ಎಂದರೂ ಎಷ್ಟು ಸಮ? ಒಂದು ಹರಳಿಗೆ ತಾಗಿದರೆ ಚೆಂಡು ಮೊಣಕಾಲಿನವರೆಗೆ ಜಿಗಿಯುತ್ತದೆ.

ಬೆಳಗಾವಿಯ ತಂಡದಲ್ಲಿ ನಾಲ್ಕೈದು ಹುಡುಗರು ಟರ್ಫ್ (ಕೃತಕ ಹುಲ್ಲಿನ ಹಾಸು) ಮೇಲೆ ಪಳಗಿದವರು ಎಂಬುದು ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ತಿಳಿಯಿತು. ಅವರು ಓಡುತ್ತಲೇ ಚೆಂಡು ಪಡೆಯಲು ನೋಡುತ್ತಿದ್ದರು. ಸ್ಟಿಕ್ಕಿನ ತುದಿಯನ್ನು ಮಾತ್ರ ನೆಲಕ್ಕೆ ತಾಗಿಸಿ, ಬೆನ್ನು ಬಾಗಿಸಿ, ಮುಂದಿನ ಪಾಸ್ ಎಲ್ಲಿಗೆ ಎಂದು ಮೊದಲೇ ಕತ್ತು ಹೊರಳಿಸಿ ನೋಡುತ್ತಿದ್ದರು. ಟರ್ಫ್‌ನಲ್ಲಿ ಇದೇ ಸರಿಯಾದ ಕ್ರಮ, ಏಕೆಂದರೆ ಚೆಂಡು ಹೊರಟ ಗೆರೆಯಲ್ಲೇ ಬರುತ್ತದೆ. ಇಲ್ಲಿ ಅದು ಸ್ಟಿಕ್ಕಿನ ಮೇಲಿಂದ ಹಾರಿ ಹೋಗುತ್ತಿತ್ತು. ನಮ್ಮವರು ಹಾಗೆ ಮಾಡುವುದಿಲ್ಲ. ನಿಂತು, ಸ್ಟಿಕ್ಕನ್ನು ನೆಲಕ್ಕೆ ಅಡ್ಡ ಮಲಗಿಸಿ, ಕೊನೆಯ ಪುಟಿತದವರೆಗೆ ಚೆಂಡಿನ ಮೇಲಿನ ಕಣ್ಣು ತೆಗೆಯದೆ ತಡೆಯುತ್ತಾರೆ. ಚೆಂಡು ನಿಂತ ಮೇಲೆ ತಲೆ ಎತ್ತುತ್ತಾರೆ. ಗರಸಿನ ಮೇಲೆ ಇದರಿಂದ ಚೆಂಡು ನಮ್ಮದಾಗುತ್ತದೆ. ಟರ್ಫ್ ಮೇಲೆ ಅಷ್ಟರಲ್ಲಿ ಇಬ್ಬರು ಎದುರಾಳಿಗಳು ಮೈಮೇಲೆ ಬಂದಿರುತ್ತಾರೆ. ಆಯ್ಕೆಗಾರರು ಹುಡುಗನ ಹೆಸರಿನ ಮುಂದೆ ‘ನಿಧಾನ’ ಎಂದು ಬರೆದು ಮುಗಿಸುತ್ತಾರೆ. ಅವನು ನಿಧಾನದವನಲ್ಲ, ಅವನ ನೆಲ ಅವನನ್ನು ಹಾಗೆ ತಯಾರು ಮಾಡಿದೆ.

ಇನ್ನೊಂದು ತವರಿನ ಲಾಭ ಹೇಳದಿದ್ದರೆ ತಪ್ಪಾಗುತ್ತದೆ. ಹಾಕಿ ಮೈದಾನದ ಗೋಲುಗಳು ಉತ್ತರ-ದಕ್ಷಿಣಕ್ಕೆ ಇರಬೇಕು. ನಮ್ಮದು ಜಾಗದ ಅನುಕೂಲಕ್ಕೆ ಪೂರ್ವ-ಪಶ್ಚಿಮಕ್ಕಿದೆ. ಟಾಸ್ ಗೆದ್ದ ನಮ್ಮ ನಾಯಕ ಮೊದಲಾರ್ಧದಲ್ಲೇ ನಮ್ಮ ಗೋಲ್‌ಕೀಪರ್ ಬಿಸಿಲಿಗೆ ಮುಖ ಮಾಡುವಂತೆ ದಿಕ್ಕು ಆರಿಸಿಕೊಂಡ. ಹೊಸಬರು ಪೆದ್ದತನ ಎಂದುಕೊಂಡರು. ಮೂರೂವರೆಗೆ ಸೂರ್ಯ ಇನ್ನೂ ಮೇಲಿರುತ್ತಾನೆ, ತೊಂದರೆ ಅಷ್ಟಾಗಿ ಇಲ್ಲ. ವಿರಾಮದ ನಂತರ ತಂಡಗಳು ಕಡೆ ಬದಲಿಸಿದಾಗ ಐದು ಗಂಟೆಯ ಇಳಿಬಿಸಿಲು ಅವರ ಗೋಲಿಯ ಕಣ್ಣಿಗೆ ನೆಟ್ಟಗೆ ಹೊಡೆಯುತ್ತಿತ್ತು. 1-2ರಲ್ಲಿ ಹಿಂದಿದ್ದ ನಾವು ಎರಡು ಗೋಲು ಹೊಡೆದದ್ದು ಆ ಹೊತ್ತಿನಲ್ಲೇ.

ಬಿಸಿಲು ಅಷ್ಟು ಇಳಿಯುವುದಕ್ಕೆ ವಿರಾಮದ ವೇಳೆಯ ಸನ್ಮಾನವೂ ಸಹಾಯ ಮಾಡಿತು ಎನ್ನಿ. ಶಾಲು, ಹಾರ, ನೆನಪಿನ ಕಾಣಿಕೆ, ನಾಲ್ಕು ಭಾಷಣ. ಹುಡುಗರು ಬೆವರು ಆರಿ ಮೂಡಗಾಳಿಗೆ ನಡುಗುತ್ತ ನಿಂತಿದ್ದರು. ಈ ಪದ್ಧತಿಯ ವಿರುದ್ಧ ಬೇರೆಯೇ ಚರ್ಚೆ ತೆರೆಯಬೇಕು.

ಬೆಟಗೇರಿಯವ:

ಅಣ್ಣಾ, ಪಂದ್ಯಕ್ಕೆ ನಾನೂ ಬಂದಿದ್ದೆ, ಗೋಡೆಯ ಕಡೆ ನಿಂತಿದ್ದೆ. ನಿಮ್ಮ ಕಣ್ಣು ಚುರುಕಾಗಿದೆ, ತೀರ್ಮಾನ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಎಲ್ಲವನ್ನೂ ನೆಲದ ಮೇಲೆ ಹಾಕಿದರೆ ಆಯ್ಕೆ ಮಾಡುವವರ ಹೊಣೆ ಎಲ್ಲಿ ಹೋಯಿತು?

ನಮ್ಮ ಹುಡುಗರು ಶಿಬಿರಕ್ಕೆ ಹೋಗುವ ಬಗೆ ನೋಡಿ. ರಾತ್ರಿ ರೈಲಿನ ಸಾಮಾನ್ಯ ಬೋಗಿಯಲ್ಲಿ ಬಾಗಿಲ ಹತ್ತಿರ ಕುಳಿತು ಹೋಗುತ್ತಾರೆ. ಬೆಳಿಗ್ಗೆ ಇಳಿದು, ನಿಲ್ದಾಣದಲ್ಲೇ ಮುಖ ತೊಳೆದು, ಒಂದು ಇಡ್ಲಿ ತಿಂದು ಮೈದಾನಕ್ಕೆ ಹೋಗಿ ನಿಲ್ಲುತ್ತಾರೆ. ಪಕ್ಕದಲ್ಲಿ ಅದೇ ಟರ್ಫ್ ಮೇಲೆ ವರ್ಷವಿಡೀ ಆಡಿದ, ರಾತ್ರಿ ಮನೆಯಲ್ಲಿ ಮಲಗಿ ಎದ್ದುಬಂದ ಹುಡುಗ ಇರುತ್ತಾನೆ. ಇಬ್ಬರನ್ನೂ ಅರ್ಧ ಗಂಟೆ ಆಡಿಸಿ ಯಾರು ಮೇಲು ಎಂದು ಹೇಳುವುದು ಯಾವ ನ್ಯಾಯ?

ಹಾಕಿ ನಮಗೆ ಏನು ಎಂಬುದನ್ನೂ ಹೇಳಬೇಕು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್, ನಮ್ಮ ಬೆಟಗೇರಿಯ ಸೆಟ್ಲ್‌ಮೆಂಟ್ ಎರಡೂ ಕಡೆ ಹಾಕಿ ಬೇರು ಬಿಟ್ಟಿದೆ. ಈ ಹೆಸರು ಎಲ್ಲಿಂದ ಬಂತು ಎಂದು ಹೊಸ ತಲೆಮಾರಿಗೆ ಗೊತ್ತಿಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಹುಟ್ಟಿನಿಂದಲೇ ಅಪರಾಧಿಗಳು ಎಂದು ಇಡೀ ಸಮುದಾಯಗಳ ಮೇಲೆ ಮುದ್ರೆ ಒತ್ತಿ, ಮುಂದೆ ಅವರನ್ನು ತಂತಿಬೇಲಿಯ ವಸತಿಗಳಲ್ಲಿ ಇಟ್ಟು ಹಾಜರಿ ಕರೆದರು. ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ, 1952ರಲ್ಲಿ. ಬೇಲಿ ಹೋಯಿತು, ಹೆಸರು ಉಳಿಯಿತು. ಅಂಥ ಓಣಿಯ ಹುಡುಗ ಸ್ಟಿಕ್ ಹಿಡಿದು ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಕ್ರೀಡಾ ಕೋಟಾದ ನೌಕರಿ ಪಡೆದರೆ ಅದರ ಬೆಲೆ ಪದಕಕ್ಕಿಂತ ದೊಡ್ಡದು. ಗೋಡೆಯ ಕಡೆ ನಿಂತಿದ್ದ ಹಿರಿಯರನ್ನು ಗಮನಿಸಿದಿರಾ? ಗೋಲಾದಾಗ ಅವರು ಕುಣಿಯಲಿಲ್ಲ. ಹುಬ್ಬಳ್ಳಿಯ ರೈಟ್ ಹಾಫ್ ಎದುರಾಳಿಯ ಕಾಲಿಗೆ ತಾಗದಂತೆ ಚೆಂಡನ್ನಷ್ಟೇ ಕಿತ್ತುಕೊಂಡಾಗ ಚಪ್ಪಾಳೆ ಹೊಡೆದರು. ಆಟ ಗೊತ್ತಿರುವ ಜನ ಅವರು. ಆಯ್ಕೆ ಸಮಿತಿಯನ್ನು ಒಂದು ಸಲ ಇಲ್ಲಿಗೆ ಕರೆತಂದು ಆ ಗೋಡೆಯ ಪಕ್ಕ ನಿಲ್ಲಿಸಿ ಎಂಬುದು ನನ್ನ ಬೇಡಿಕೆ.

ಕೇಶ್ವಾಪುರದ ಲೆಫ್ಟ್‌ಔಟ್:

ಕರೆತಂದರೂ ಅವರು ಹುಡುಕುವುದು ಟರ್ಫ್ ಮೇಲೆ ಆಡಬಲ್ಲ ಹುಡುಗನನ್ನೇ ಅಲ್ಲವೇ ತಮ್ಮಾ? ಪೆನಾಲ್ಟಿ ಕಾರ್ನರ್ ತೆಗೆದುಕೋ, ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ರಕ್ಷಕರು ತಪ್ಪು ಮಾಡಿದಾಗ ಎದುರಾಳಿಗೆ ಸಿಗುವ ಅವಕಾಶ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹರ್ಮನ್‌ಪ್ರೀತ್ ಸಿಂಗ್ 10 ಗೋಲು ಹೊಡೆದರು. ಕಂಚು ತಂದ ಸ್ಪೇನ್ ವಿರುದ್ಧದ ಪಂದ್ಯದ ಎರಡೂ ಗೋಲು ಅವರವೇ. ಡ್ರ್ಯಾಗ್ ಫ್ಲಿಕ್ ಬಲ್ಲವನಿಲ್ಲದೆ ಇವತ್ತು ಯಾವ ತಂಡವೂ ನಡೆಯುವುದಿಲ್ಲ. ಡ್ರ್ಯಾಗ್ ಫ್ಲಿಕ್ ಕಲಿಯಬೇಕಾದರೆ ಮೊದಲು ಚೆಂಡು ಡಿ ಗೆರೆಯ ಹೊರಗೆ ಅಲುಗಾಡದೆ ನಿಲ್ಲಬೇಕು, ಆಮೇಲೆ ಅದನ್ನು ಸ್ಟಿಕ್ಕಿನ ಒಳಬದಿಯಲ್ಲಿ ಹಿಡಿದು ನೆಲದ ಮೇಲೆ ಎಳೆದುಕೊಂಡು ಬರಬೇಕು. ಗರಸಿನಲ್ಲಿ ಎಳೆದು ನೋಡು, ಸ್ಟಿಕ್ಕಿನ ತಲೆ ಸವೆಯುತ್ತದೆ, ಚೆಂಡು ಮಾತ್ರ ಹಿಡಿತಕ್ಕೆ ಸಿಗುವುದಿಲ್ಲ. ಭಾನುವಾರ ಎರಡೂ ತಂಡಗಳು ಎಲ್ಲ ಪೆನಾಲ್ಟಿ ಕಾರ್ನರ್‌ಗಳಲ್ಲಿ ನೇರವಾಗಿ ಹೊಡೆದವೇ ಹೊರತು ಯಾರೂ ಫ್ಲಿಕ್ ಮಾಡಲಿಲ್ಲ. ನಮ್ಮ ಹುಡುಗರಲ್ಲಿ ಆ ಕಲೆಯೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಏನು ಉತ್ತರ ಕೊಡಲಿ?

ವಿದ್ಯಾನಗರದ ಹೊಸ ಪ್ರೇಕ್ಷಕ:

ನಾನು ಕ್ರಿಕೆಟ್ ನೋಡಿ ಬೆಳೆದವನು. 2024ರ ಡಿಸೆಂಬರ್ 28ರಂದು ರೂರ್ಕೆಲಾದಲ್ಲಿ ಹಾಕಿ ಇಂಡಿಯಾ ಲೀಗ್ ಮತ್ತೆ ಶುರುವಾದಾಗ ಮೊಬೈಲಿನಲ್ಲಿ ನೋಡತೊಡಗಿದೆ. ಕರ್ನಾಟಕದ ತಂಡವೇ ಇಲ್ಲದ್ದರಿಂದ ಹೈದರಾಬಾದಿನ ತಂಡವನ್ನು ನಮ್ಮದು ಎಂದುಕೊಂಡು ಬೆಂಬಲಿಸಿದೆ. ಅವರು ಫೈನಲ್‌ನಲ್ಲಿ ಬಂಗಾಳದ ತಂಡದ ಎದುರು 4-3ರಲ್ಲಿ ಸೋತಾಗ ಬೇಜಾರಾಗಿದ್ದೂ ನಿಜ. ಕಣ್ಣೆದುರು ಹಾಕಿ ನೋಡಿದ್ದು ಮಾತ್ರ ಈ ಭಾನುವಾರವೇ ಮೊದಲು.

ಪರದೆಯಲ್ಲಿ ಕಾಣದ ಎಷ್ಟೋ ಸಂಗತಿಗಳಿವೆ. ಚೆಂಡು ಗೋಲಿನೊಳಗೆ ಕೆಳಗಿರುವ ಮರದ ಹಲಗೆಗೆ ಬಡಿದ ಸದ್ದು ಗೇಟಿನ ಹೊರಗಿದ್ದ ಚಹಾದಂಗಡಿಯವರೆಗೂ ಕೇಳಿಸಿತು. ಅಂಚಿನಲ್ಲಿ ನಿಂತರೆ ಆಟಗಾರರು ಒಬ್ಬರನ್ನೊಬ್ಬರು ಕರೆಯುವುದು, ಬೈಯುವುದು ಎಲ್ಲ ಕಿವಿಗೆ ಬೀಳುತ್ತದೆ. ಸುಲಗಾಯಿ ಮಾರುವವನು ಎರಡನೇ ಕ್ವಾರ್ಟರ್‌ನಲ್ಲಿ ಬುಟ್ಟಿ ಕೆಳಗಿಟ್ಟು ಆಟ ನೋಡುತ್ತ ನಿಂತುಬಿಟ್ಟ, ನಾನು ಕಾಸು ಹಿಡಿದು ಕಾಯಬೇಕಾಯಿತು.

ಒಂದು ಅನುಮಾನ. ಅವರ ಎರಡನೇ ಗೋಲು ಹಲಗೆಯ ಮೇಲಿಂದ ಬಲೆಗೆ ಹೋಯಿತು. ನನ್ನ ಸುತ್ತ ಇದ್ದವರೆಲ್ಲ ‘ಗೋಲಲ್ಲ’ ಎಂದು ಕೂಗಿದರು, ಅಂಪೈರ್ ಮಾತ್ರ ಗೋಲು ಕೊಟ್ಟರು. ಯಾಕೆ? ಮತ್ತೆ, ಪೆನಾಲ್ಟಿ ಕಾರ್ನರ್ ಎಂದಕೂಡಲೇ ನಮ್ಮ ಅರ್ಧಕ್ಕಿಂತ ಹೆಚ್ಚು ಹುಡುಗರು ಮೈದಾನದ ನಡುವಿಗೆ ಓಡಿಹೋಗುವುದೇಕೆ?

ನವಲಗುಂದದ ರೈತ:

ನಾನು ಹಾಕಿ ಬಲ್ಲವನಲ್ಲ. ತಂಗಿಯ ಮಗ ಆಡುತ್ತಾನೆಂದು ಬಂದಿದ್ದೆ. ಆದರೆ ಎರೆಮಣ್ಣಿನ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ಎರೆ ನೆಲ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅದರ ಮೇಲೆ ಎಷ್ಟು ಗರಸು ಹಾಕಿದರೂ ಎರಡು ಮಳೆಗಾಲ ಕಳೆದರೆ ಮತ್ತೆ ಹಾಕಬೇಕು. ನೀವು ಹೇಳುವ ಟರ್ಫ್ ಹಾಸುವುದಾದರೂ ಮೊದಲು ಎರೆಯನ್ನು ಆಳಕ್ಕೆ ತೆಗೆದು, ಕಲ್ಲು-ಖಡಿ ತುಂಬಿ, ಬಿಗಿಯಾದ ತಳ ಮಾಡಬೇಕಾಗುತ್ತದೆ. ಹಾಗೇ ಹಾಸಿದರೆ ಬಿರುಕು ಮೇಲಕ್ಕೆ ಬಂದೇ ಬರುತ್ತದೆ. ಗುತ್ತಿಗೆ ಕೊಡುವವರಿಗೆ ಇದನ್ನು ಹೇಳಿ.

ಎರಡನೆಯದು ನೀರು. ಆಟಕ್ಕೆ ಮುಂಚೆ ಟರ್ಫ್‌ಗೆ ನೀರು ಸಿಂಪಡಿಸುತ್ತಾರಂತೆ, ಅದೂ ಸಾವಿರಾರು ಲೀಟರ್. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುವುದು ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿರುವ ಮಲಪ್ರಭಾ ಅಣೆಕಟ್ಟೆಯಿಂದ. ಆ ಅಣೆಕಟ್ಟೆ ಪ್ರತಿ ವರ್ಷ ತುಂಬುವುದಿಲ್ಲ ಎಂದೇ ಕಳಸಾ-ಬಂಡೂರಿಗಾಗಿ ನಮ್ಮ ತಾಲ್ಲೂಕಿನ ಜನ ಬೀದಿಗಿಳಿದದ್ದು. ನಿಮ್ಮ ಊರಿನ ಹಲವು ಬಡಾವಣೆಗಳ ಹೆಣ್ಣುಮಕ್ಕಳು ನಳದ ಮುಂದೆ ಕೊಡ ಇಟ್ಟು ದಿನ ಎಣಿಸುವಾಗ ಚೆಂಡು ಜಾರಲೆಂದು ನೀರು ಚೆಲ್ಲುವುದು ನನಗೆ ಸರಿ ಕಾಣುವುದಿಲ್ಲ. ಸಿಟ್ಟಾಗಬೇಡಿ.

ಹಾವೇರಿಯ ಪಿ.ಟಿ. ಮಾಸ್ತರ:

ರೈತ ಬಂಧುಗಳ ಮಾತು ತೂಕದ್ದು. ಅದಕ್ಕೆ ಮೊದಲು ಉತ್ತರಿಸಿ ಆಮೇಲೆ ಮೂಲ ಪ್ರಶ್ನೆಗೆ ಬರುತ್ತೇನೆ.

ಟರ್ಫ್‌ಗಳಲ್ಲಿ ಬಗೆಗಳಿವೆ. ಒಲಿಂಪಿಕ್ಸ್‌ನಲ್ಲಿ ಬಳಸುವುದು ನೀರು ಬೇಡುವ ಬಗೆ. ನೀರು ಇದ್ದರೆ ಚೆಂಡು ನೆಲ ಕಚ್ಚಿ ವೇಗವಾಗಿ ಓಡುತ್ತದೆ, ಬಿದ್ದ ಆಟಗಾರನ ಚರ್ಮವೂ ಉಳಿಯುತ್ತದೆ. ಮರಳು ತುಂಬಿದ ಇನ್ನೊಂದು ಬಗೆ ಇದೆ. ಅದಕ್ಕೆ ಪ್ರತಿ ಪಂದ್ಯಕ್ಕೂ ನೀರು ಬೇಕಾಗಿಲ್ಲ. ವೇಗ ಸ್ವಲ್ಪ ಕಡಿಮೆ, ಆದರೆ ಚೆಂಡು ನೇರ ಬರುತ್ತದೆ, ನಮ್ಮ ಹುಡುಗರು ಕಲಿಯಬೇಕಾದದ್ದು ಅದನ್ನೇ. ಅಂತಾರಾಷ್ಟ್ರೀಯ ಹಾಕಿ ಫೆಡರೇಷನ್ ಕೂಡ ನೀರಿಲ್ಲದ ಟರ್ಫ್ ಕಡೆಗೆ ಆಟವನ್ನು ಒಯ್ಯಲು ನೋಡುತ್ತಿದೆ. ಆದ್ದರಿಂದ ನಮ್ಮ ಕಡೆಗೆ ನೀರಿನ ಟರ್ಫ್ ಕೇಳುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ಮರಳಿನದು ಕೇಳೋಣ.

ಇನ್ನು ಮೂಲ ಪ್ರಶ್ನೆ. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಭಾರತ ವಿಶ್ವಕಪ್ ಗೆದ್ದದ್ದು ಹುಲ್ಲಿನ ಮೈದಾನದಲ್ಲಿ. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹುಲ್ಲು ಹಾಸಿದರು, ನಾವು ಏಳನೆಯ ಸ್ಥಾನಕ್ಕೆ ಇಳಿದೆವು. ಟರ್ಫ್ ಬಂದು ನಮ್ಮನ್ನು ಕೆಡಿಸಿತು ಎಂಬ ಕಥೆ ಅಲ್ಲಿಂದ ಶುರುವಾಯಿತು. ಆ ಕಥೆಯಲ್ಲಿ ಅರ್ಧ ಸತ್ಯವಿದೆ. 1980ರಲ್ಲಿ ಮಾಸ್ಕೊದಲ್ಲಿ ನಾವು ಚಿನ್ನ ಗೆದ್ದದ್ದೂ ಕೃತಕ ಹುಲ್ಲಿನ ಮೇಲೆಯೇ. ಆ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು, ಅವರೂ ಕೊಡಗಿನವರು. ಬಹಳಷ್ಟು ದೇಶಗಳು ಮಾಸ್ಕೊ ಬಹಿಷ್ಕರಿಸಿದ್ದವು ಎಂಬುದನ್ನೂ ಮರೆಯಬಾರದು.

ಕೊಡಗಿನ ಉದಾಹರಣೆಯನ್ನೇ ಎಲ್ಲರೂ ಕೊಡುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಕೌಟುಂಬಿಕ ಹಾಕಿ ಶುರುಮಾಡಿದರು. 2024ರಲ್ಲಿ ಆಡಿದ ಕುಟುಂಬಗಳು 360. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಇರಬಹುದಾದ ಹಬ್ಬ ಅದು. ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಅಂಥವರು ಬಂದದ್ದು ಆ ನೆಲದಿಂದ. ಆದರೆ ಅಂಥ ಹುಡುಗರು ಮೀಸೆ ಮೂಡುವ ಮುನ್ನವೇ ಕ್ರೀಡಾ ವಸತಿ ನಿಲಯ ಸೇರಿ ಟರ್ಫ್ ಹತ್ತುತ್ತಾರೆ. ಅಲ್ಲಿ ಊರಿನ ಮೈದಾನವೂ ಇದೆ, ಟರ್ಫ್‌ಗೆ ಹತ್ತುವ ಮೆಟ್ಟಿಲೂ ಇದೆ. ನಮ್ಮಲ್ಲಿ ಮೊದಲನೆಯದು ಗಟ್ಟಿಯಾಗಿದೆ, ಎರಡನೆಯದು ಮುರಿದಿದೆ.

ಒಡಿಶಾದ ಸುಂದರಗಢ ಜಿಲ್ಲೆಯಲ್ಲೂ ಹೀಗೆಯೇ. ಹಳ್ಳಿಯ ಮಣ್ಣಿನ ಮೈದಾನದಲ್ಲಿ ಪಂದ್ಯ, ಗೆದ್ದ ತಂಡಕ್ಕೆ ಆಡು ಬಹುಮಾನ, ಸಂಜೆ ಅದೇ ಊಟ. ದಿಲೀಪ್ ಟಿರ್ಕಿ, ಅಮಿತ್ ರೋಹಿದಾಸ್ ಆ ಜಿಲ್ಲೆಯವರು. ಅಲ್ಲಿನ ಸರ್ಕಾರ ಮಾಡಿದ ಜಾಣತನ ಏನೆಂದರೆ ಹಳ್ಳಿಯ ಪಂದ್ಯಗಳನ್ನು ಮುಟ್ಟದೆ, ಆ ಹುಡುಗರ ಕೈಗೆಟಕುವ ದೂರದಲ್ಲಿ ಟರ್ಫ್‌ಗಳನ್ನು ಹಾಸತೊಡಗಿದ್ದು.

ಬೆಟಗೇರಿಯವ:

ಮಾಸ್ತರರೇ, ಹಾಸಿದ ಮೇಲೆ ಏನಾಗುತ್ತದೆ ಎಂಬುದು ನನ್ನ ಭಯ. ಬೇಲಿ ಹಾಕುತ್ತಾರೆ, ಗೇಟಿಗೆ ಬೀಗ ಹಾಕುತ್ತಾರೆ, ಗಂಟೆಗೆ ಇಷ್ಟು ಎಂದು ಫಲಕ ಹಚ್ಚುತ್ತಾರೆ. ಬರಿಗಾಲಿನ ಹುಡುಗನನ್ನು ಕಾವಲುಗಾರ ಒಳಗೆ ಬಿಡುವುದಿಲ್ಲ. ಈಗ ಸಂಜೆ ಐದಾದರೆ ನಮ್ಮ ಬಯಲಿನಲ್ಲಿ ಮೂವತ್ತು ಹುಡುಗರು ಹನ್ನೆರಡು ಸ್ಟಿಕ್ ಹಂಚಿಕೊಂಡು ಆಡುತ್ತಾರೆ, ಯಾರ ಅನುಮತಿಯೂ ಬೇಕಾಗಿಲ್ಲ. ತಂತಿಬೇಲಿಯ ಬಗ್ಗೆ ನಾನು ಮೇಲೆ ಬರೆದೆ. ನಮ್ಮ ಓಣಿಯ ಹಿರಿಯರಿಗೆ ಅದರ ನೆನಪು ಇನ್ನೂ ಹೋಗಿಲ್ಲ.

ಕೇಶ್ವಾಪುರದ ಲೆಫ್ಟ್‌ಔಟ್:

ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಗರಸಿನ ಮೈದಾನ ಹಾಗೇ ಬಯಲಾಗಿ ಉಳಿಯಬೇಕು, ಟರ್ಫ್ ಬೇರೆ ಜಾಗದಲ್ಲಿ ಬರಬೇಕು ಎಂಬುದಷ್ಟೇ ನನ್ನ ನಿಲುವು. ಇರುವ ಮೈದಾನದ ಮೇಲೆಯೇ ಹಾಸುತ್ತೇವೆ ಎಂದರೆ ನಾನೂ ನಿನ್ನ ಜೊತೆ ಗೋಡೆಯ ಕಡೆ ನಿಲ್ಲುತ್ತೇನೆ.

ಗೋಲಿಯ ತಾಯಿ, ನವನಗರ:

ಎಲ್ಲರೂ ಹುಡುಗರು, ಹುಡುಗರು ಎಂದೇ ಬರೆಯುತ್ತಿದ್ದೀರಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದೇ ಮೈದಾನದಲ್ಲಿ ಹುಡುಗಿಯರ ಪಂದ್ಯ ನಡೆಯಿತು. ನೋಡಲು ಬಂದವರು ಆಡಿದವರಿಗಿಂತ ಕಡಿಮೆ. ನನ್ನ ಮಗಳು ಗೋಲ್‌ಕೀಪರ್.

ಗರಸು ಎಂದರೇನು ಎಂದು ಗೋಲಿಯ ಮನೆಯವರನ್ನು ಕೇಳಬೇಕು. ಟಿ.ವಿ.ಯಲ್ಲಿ ಭಾರತದ ಗೋಲಿ ಸವಿತಾ ಪೂನಿಯಾ ಮೈಚೆಲ್ಲಿ ಚೆಂಡು ತಡೆಯುವುದನ್ನು ನೋಡಿ ಇವಳೂ ಹಾಗೇ ಮಾಡಲು ಹೋಗುತ್ತಾಳೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಮಹಿಳೆಯರು ಆಸ್ಟ್ರೇಲಿಯಾವನ್ನು 1-0ಗೆ ಸೋಲಿಸಿದ ಪಂದ್ಯವನ್ನು ಅವಳು ಇವತ್ತಿಗೂ ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಾಳೆ. ಇಲ್ಲಿ ಮೈಚೆಲ್ಲಿದರೆ ಮೊಣಕೈಯಿಂದ ತೊಡೆಯವರೆಗೆ ಚರ್ಮ ಕಿತ್ತು ಬರುತ್ತದೆ. ರಾತ್ರಿ ಹರಳು ತೆಗೆದು ಔಷಧ ಹಚ್ಚುವುದು ನನ್ನ ಕೆಲಸ. ಈಗೀಗ ಅವಳು ಬೀಳುವುದನ್ನೇ ಬಿಟ್ಟಿದ್ದಾಳೆ, ನಿಂತಲ್ಲಿಂದಲೇ ಕಾಲು ಚಾಚುತ್ತಾಳೆ. ತರಬೇತುದಾರರು ಧೈರ್ಯ ಕಡಿಮೆಯಾಗಿದೆ ಎನ್ನುತ್ತಾರೆ. ಲೆಫ್ಟ್‌ಔಟ್ ಅಣ್ಣನವರ ಮಾತು ನನಗೆ ಹಿಡಿಸಿದ್ದು ಈ ಕಾರಣಕ್ಕೆ.

ಸಲಕರಣೆಯ ಕಥೆ ಇನ್ನೊಂದು. ಆಟಗಾರನಿಗೆ ಒಂದು ಸ್ಟಿಕ್, ಶಿನ್ ಗಾರ್ಡ್ ಇದ್ದರೆ ನಡೆಯುತ್ತದೆ. ಗೋಲಿಗೆ ಹೆಲ್ಮೆಟ್, ಎದೆಕವಚ, ಕೈಗವಸು, ಲೆಗ್ ಗಾರ್ಡ್, ಕಿಕ್ಕರ್ ಎಲ್ಲ ಬೇಕು. ಬೆಳಿಗ್ಗೆ ಮಗಳು ಹಾಕಿಕೊಂಡ ಸೆಟ್ಟನ್ನೇ ಮಧ್ಯಾಹ್ನ ನಿಮ್ಮ ಗೋಲಿ ಹಾಕಿಕೊಂಡ, ಬೆವರು ಆರುವ ಮೊದಲೇ. ಕಿಕ್ಕರ್ ಎಂದರೆ ಪಾದದ ಮೇಲೆ ಕಟ್ಟುವ ಫೋಮ್. ಗರಸಿನಲ್ಲಿ ಒದ್ದು ಒದ್ದು ಅದರ ಅಂಚು ಇಲಿ ಕಡಿದಂತಾಗಿದೆ. ಬಟ್ಟೆ ಬದಲಿಸಲು ಒಂದು ಕೋಣೆಯೂ ಇಲ್ಲ ಎಂಬುದನ್ನು ಬರೆದರೆ ಉದ್ದವಾಗುತ್ತದೆ. ಟರ್ಫ್ ಬರಲಿ, ಆದರೆ ಅದಕ್ಕೂ ಮುಂಚೆ ನಾಲ್ಕು ಗೋಡೆ, ಒಂದು ನಳ ಬರಲಿ.

ವಿದ್ಯಾನಗರದ ಹೊಸ ಪ್ರೇಕ್ಷಕ:

ಅಕ್ಕಾ, ಬೆಳಿಗ್ಗೆ ಪಂದ್ಯವಿತ್ತೆಂದು ಯಾವ ಪ್ರಕಟಣೆಯಲ್ಲೂ ಇರಲಿಲ್ಲ. ಮುಂದಿನದು ಯಾವಾಗ ಎಂದು ಇಲ್ಲಿ ಬರೆಯಿರಿ, ಗೆಳೆಯರನ್ನು ಕರೆದುಕೊಂಡು ಬರುತ್ತೇನೆ. ಆ ಎರಡನೇ ಗೋಲಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಸೀಟಿ ಹಿಡಿದವರು:

ನಾನು ಅಂಪೈರ್. ಭಾನುವಾರದ ಪಂದ್ಯ ನನ್ನದಲ್ಲ, ಪ್ರೇಕ್ಷಕನಾಗಿ ಗೋಲಿನ ಪಕ್ಕದಲ್ಲೇ ಕುಳಿತಿದ್ದೆ. ಕೇಳಿದ್ದಕ್ಕೆ ಹೇಳುತ್ತೇನೆ.

ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲ್‌ಕೀಪರ್ ಸೇರಿ ಐವರು ಮಾತ್ರ ಹಿಂದಿನ ಗೆರೆಯಾಚೆ ನಿಂತು ರಕ್ಷಿಸಬಹುದು. ಉಳಿದವರು ನಡುಗೆರೆಯ ಆಚೆ ಹೋಗಬೇಕು, ಚೆಂಡು ಒಳಬಂದ ಮೇಲೆಯೇ ಓಡಿ ಬರಬೇಕು. ದಂಡನೆಯ ಅರ್ಥವೇ ಅದು, ರಕ್ಷಕರ ಸಂಖ್ಯೆ ಕಡಿಮೆ ಮಾಡುವುದು. ಚೆಂಡು ಒಮ್ಮೆ ಡಿ ವೃತ್ತದಿಂದ ಹೊರಗೆ ಹೋಗದೆ ಗೋಲಿಗೆ ಹೊಡೆಯುವಂತಿಲ್ಲ.

ಗೋಲಿನ ವಿಷಯ. ಪೆನಾಲ್ಟಿ ಕಾರ್ನರ್‌ನ ಮೊದಲ ಹೊಡೆತ ‘ಹಿಟ್’ ಆಗಿದ್ದರೆ ಚೆಂಡು ಗೋಲಿನ ಗೆರೆಯನ್ನು 460 ಮಿಲಿಮೀಟರ್‌ಗಿಂತ ಮೇಲೆ ದಾಟಬಾರದು, ಅಂದರೆ ಹಲಗೆಯ ಎತ್ತರ. ಫ್ಲಿಕ್ ಅಥವಾ ಪುಶ್ ಆಗಿದ್ದರೆ ಈ ಮಿತಿ ಇಲ್ಲ. ನಿಮ್ಮ ಸುತ್ತಲಿನವರು ಕೂಗಿದ್ದು ಇದನ್ನು ನೆನಪಿಟ್ಟುಕೊಂಡು. ಆದರೆ ಮಿತಿ ಲೆಕ್ಕಕ್ಕೆ ಬರುವುದು ಚೆಂಡು ಬೇರೆಯವರಿಗೆ ತಾಗಿ ದಿಕ್ಕು ಬದಲಿಸುವ ಮುಂಚಿನ ದಾರಿಗೆ. ಆ ಹೊಡೆತ ನೆಲಕ್ಕೆ ಹತ್ತಿರವಾಗಿ ಬರುತ್ತಿತ್ತು, ಹಲಗೆಗೇ ಬಡಿಯುತ್ತಿತ್ತು. ಎಡಗಂಬದ ಹತ್ತಿರ ನಿಂತಿದ್ದ ನಮ್ಮ ಹುಡುಗ ಸ್ಟಿಕ್ ಅಡ್ಡ ಇಟ್ಟ, ಅಂಚಿಗೆ ತಾಗಿ ಚೆಂಡು ಮೇಲಕ್ಕೆ ಹಾರಿತು. ರಕ್ಷಕನ ಸ್ಟಿಕ್ಕಿಗೆ ತಾಗಿ ಎತ್ತರಕ್ಕೆ ಹೋದರೆ ಗೋಲು ಗೋಲೇ. ಅಂಪೈರ್ ಸರಿಯಾಗಿ ಕೊಟ್ಟರು, ಅಷ್ಟು ಜನ ಬೈಯುತ್ತಿದ್ದರೂ ಕೊಟ್ಟರು.

ಗರಸಿನ ಬಗ್ಗೆ ನನ್ನದೂ ಒಂದು ದೂರು. ಅಪಾಯಕಾರಿ ಚೆಂಡು ಯಾವುದು ಎಂದು ತೀರ್ಮಾನಿಸುವುದು ಇಂಥ ನೆಲದಲ್ಲಿ ಕಷ್ಟ. ಹೊಡೆದವನು ಬೇಕೆಂದೇ ಎತ್ತಿದನೋ ಹರಳು ಎತ್ತಿತೋ ಎಂದು ಕ್ಷಣದಲ್ಲಿ ನಿರ್ಧರಿಸಬೇಕು. 160 ಗ್ರಾಂ ಆಸುಪಾಸಿನ ಗಟ್ಟಿ ಚೆಂಡು ಅದು, ದವಡೆಗೆ ಬಿದ್ದರೆ ಹರಳಿನ ತಪ್ಪು ಎಂದು ಹೇಳಿ ಪ್ರಯೋಜನವಿಲ್ಲ. ಪಂದ್ಯಕ್ಕೆ ಮುಂಚೆ ಎರಡೂ ತಂಡಗಳು ಸಾಲಾಗಿ ನಿಂತು ಡಿ ಒಳಗಿನ ಹರಳು ಆರಿಸುವ ಪದ್ಧತಿ ಮೊದಲು ನಮ್ಮಲ್ಲಿತ್ತು. ಈಗ ಆ ಹೊತ್ತು ಅತಿಥಿಗಳ ಪರಿಚಯಕ್ಕೆ ಹೋಗಿದೆ.

ಕೇಶ್ವಾಪುರದ ಲೆಫ್ಟ್‌ಔಟ್:

ಸರ್, ಆ ಗೋಲಿನ ಮೇಲೆ ನನ್ನ ಓಣಿಯಲ್ಲಿ ಇನ್ನೂ ಜಗಳ ನಡೆದಿದೆ. ನಿಮ್ಮ ಮಾತನ್ನು ತೋರಿಸುತ್ತೇನೆ, ನಂಬುತ್ತಾರೆಂಬ ಭರವಸೆ ಇಲ್ಲ.

ಹರಳು ಆರಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮುಂದಿನ ಪಂದ್ಯ ಸಂಕ್ರಾಂತಿಯ ನಂತರದ ಭಾನುವಾರ, ಗದಗಿನ ತಂಡದ ಜೊತೆ. ಹುಡುಗಿಯರದು ಬೆಳಿಗ್ಗೆ ಹತ್ತಕ್ಕೆ, ಹುಡುಗರದು ಮೂರಕ್ಕೆ. ಎಂಟೂವರೆಗೆ ಬಂದವರು ಡಿ ಒಳಗೆ ಸಾಲು ಹಿಡಿಯೋಣ. ಸನ್ಮಾನ ಪಂದ್ಯ ಮುಗಿದ ಮೇಲೆ ಇರಲಿ ಎಂದು ಸಂಘಟಕರಿಗೆ ಪತ್ರ ಬರೆಯುತ್ತಿದ್ದೇನೆ, ಸಹಿ ಹಾಕುವವರು ತಿಳಿಸಿ.

ಬೆಟಗೇರಿಯವ:

ನನ್ನದೊಂದು ಸಹಿ. ಆದರೆ ನಮ್ಮ ಗದಗಿನ ತಂಡದ ನೆಲವೂ ಗರಸೇ, ಅಣ್ಣಾ. ಈ ಸಲ ನಿಮ್ಮ ಹರಳಿನ ಸಹಾಯ ನಿಮಗೆ ಸಿಗುವುದಿಲ್ಲ. ಬಿಸಿಲಿನ ಉಪಾಯವೂ ನಮ್ಮ ನಾಯಕನಿಗೆ ಈಗ ಗೊತ್ತಾಯಿತು.

ನವನಗರದ ಅಕ್ಕನವರಿಗೆ: ನಮ್ಮ ಸಂಘದಲ್ಲಿ ಆಟ ಬಿಟ್ಟ ಗೋಲಿಯೊಬ್ಬನ ಕಿಕ್ಕರ್ ಜೋಡಿ ಇದೆ. ಒಂದು ಚೆನ್ನಾಗಿದೆ, ಇನ್ನೊಂದರ ಪಟ್ಟಿ ಹರಿದಿದೆ, ಚಮ್ಮಾರರ ಹತ್ತಿರ ಹೊಲಿಸಬೇಕು. ಮಗಳ ಬೂಟಿನ ಅಳತೆ ಎಷ್ಟು?

ಗೋಲಿಯ ತಾಯಿ, ನವನಗರ:

ಐದು, ತಮ್ಮಾ. ದೊಡ್ಡದಿದ್ದರೂ ಕಳಿಸಿ, ಒಳಗೆ ಬಟ್ಟೆ ಸುತ್ತಿ ಕಟ್ಟಿಕೊಳ್ಳುತ್ತಾಳೆ. ಪಟ್ಟಿ ನಾನೇ ಹೊಲಿಯುತ್ತೇನೆ.